ಹೆಸರನ್ನು ಕೊನೆಯಿಂದ ಓದುವ ಅಭ್ಯಾಸ

ರಾಯಚೂರಿನ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಹತ್ತಿಯ ಅಂಡಿಗೆಗಳು ಸಾಲುಗಟ್ಟಿ ಇಳಿಯುವ ತಿಂಗಳುಗಳಲ್ಲಿ ದಲಾಲಿ ಅಂಗಡಿಗಳ ಗುಮಾಸ್ತರಿಗೆ ತಲೆ ಎತ್ತಲು ಬಿಡುವಿರುವುದಿಲ್ಲ. ಅಂಥ ಒಂದು ಮಧ್ಯಾಹ್ನ, ನಾನು ಲೆಕ್ಕ ನೋಡಿಕೊಳ್ಳುವ ಅಂಗಡಿಯೊಂದಕ್ಕೆ ‘ಪೇಮೆಂಟ್ ಅಡ್ವೈಸ್’ ಎಂಬ ಹೆಸರಿನ ಇಮೇಲ್ ಬಂತು. ಅದಕ್ಕೆ ಒಂದು ಜಿಪ್ ಫೈಲ್, ಅಂದರೆ ಒಳಗೆ ಬೇರೆ ಫೈಲುಗಳನ್ನಿಟ್ಟು ಕಟ್ಟಿದ ಗಂಟು, ಲಗತ್ತಾಗಿತ್ತು. ಅದನ್ನು ಬಿಚ್ಚಲು ಬೇಕಾದ ಪಾಸ್‌ವರ್ಡ್ ಪತ್ರದೊಳಗೇ ಬರೆದಿತ್ತು. ಗುಮಾಸ್ತ ಹುಡುಗ ಬಿಚ್ಚಿದ. ಒಳಗೆ ಪಿಡಿಎಫ್‌ನ ಕೆಂಪು ಚಿಹ್ನೆ, ಅದರ ಕೆಳಗೆ ‘ಅಡ್ವೈಸ್ ಡಾಟ್ ಪಿಡಿಎಫ್’ ಎಂಬ ಹೆಸರು. ಎರಡು ಸಲ ಒತ್ತಿದಾಗ ಪರದೆಯ ಮೇಲೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಯಿತೇ ಹೊರತು ಯಾವ ಕಾಗದವೂ ತೆರೆಯಲಿಲ್ಲ. ಅವನು ನನಗೆ ಫೋನ್ ಮಾಡಿ, “ಸರ್, ಪಿಡಿಎಫ್ ಓಪನ್ ಆಗವಲ್ದು ನೋಡ್ರಿ” ಎಂದ. ಮೊದಲು ಇಂಟರ್ನೆಟ್ಟಿನ ವೈರ್ ಕೀಳಲು ಹೇಳಿ, ಆಮೇಲೆ ನಾನೇ ಹೋಗಿ ಆ ಕಂಪ್ಯೂಟರಿನ ಸೆಟ್ಟಿಂಗ್ ಒಂದನ್ನು ಬದಲಿಸಿದೆ. ಆಗ ಅದೇ ಫೈಲಿನ ಹೆಸರು ಪೂರ್ತಿಯಾಗಿ ಕಾಣಿಸಿತು: ‘ಅಡ್ವೈಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ’.

ಆ ಕೊನೆಯ ಮೂರು ಅಕ್ಷರಗಳಲ್ಲೇ ಎಲ್ಲವೂ ಇತ್ತು. ಫೈಲಿನ ಹೆಸರಿನಲ್ಲಿ ಕೊನೆಯ ಚುಕ್ಕೆಯ ನಂತರ ಬರುವ ಅಕ್ಷರಗಳನ್ನು ಎಕ್ಸ್‌ಟೆನ್ಶನ್ ಎನ್ನುತ್ತಾರೆ. ಅದು ಫೈಲಿನ ಜಾತಿಯನ್ನು ಹೇಳುತ್ತದೆ. ಒತ್ತಿದಾಗ ಏನು ಮಾಡಬೇಕೆಂಬುದನ್ನು ಕಂಪ್ಯೂಟರ್ ತೀರ್ಮಾನಿಸುವುದು ಅದನ್ನು ನೋಡಿಯೇ. ಪಿಡಿಎಫ್ ಎಂದಿದ್ದರೆ ಅದು ಓದುವ ಕಾಗದ, ಜೆಪಿಜಿ ಎಂದಿದ್ದರೆ ಚಿತ್ರ, ಇಎಕ್ಸ್ಇ ಎಂದಿದ್ದರೆ ಪ್ರೋಗ್ರಾಂ. ಕಾಗದವನ್ನು ಓದುತ್ತೇವೆ, ಪ್ರೋಗ್ರಾಂ ಮಾತ್ರ ನಮ್ಮ ಯಂತ್ರದಲ್ಲಿ ತಾನೇ ಕೆಲಸ ಮಾಡುತ್ತದೆ. ಚುಕ್ಕೆಗಳು ಎಷ್ಟೇ ಇರಲಿ, ಲೆಕ್ಕಕ್ಕೆ ಬರುವುದು ಕೊನೆಯದೊಂದೇ. ನಡುವಿನ ‘ಪಿಡಿಎಫ್’ ಎಂಬುದು ಹೆಸರಿನೊಳಗಿನ ಒಂದು ಪದವಷ್ಟೇ. ಕೆಂಪು ಚಿಹ್ನೆಯೂ ಅಷ್ಟೇ, ಪ್ರೋಗ್ರಾಂ ಬರೆದವನು ತನಗೆ ಬೇಕಾದ ಚಿತ್ರವನ್ನು ಅದಕ್ಕೆ ಅಂಟಿಸಬಹುದು. ಆದರೆ ವಿಂಡೋಸ್ ತನಗೆ ಪರಿಚಿತವಾದ ಎಕ್ಸ್‌ಟೆನ್ಶನ್‌ಗಳನ್ನು ಮೊದಲಿನಿಂದಲೂ ಮರೆಮಾಡಿಯೇ ಇಡುವುದರಿಂದ, ಹುಡುಗನಿಗೆ ಕಾಣಬೇಕಾಗಿದ್ದ ಅಕ್ಷರಗಳೇ ಕಾಣದೆ, ಕಾಣಬಾರದ ಅಕ್ಷರಗಳು ಕಂಡವು. ಈ ಮರೆಯನ್ನು ತೆಗೆಯುವುದು ಅರ್ಧ ನಿಮಿಷದ ಕೆಲಸ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ‘ವ್ಯೂ’ ಒತ್ತಿ, ಅದರೊಳಗಿನ ‘ಶೋ’ದಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಗುರುತು ಹಾಕಿದರೆ ಸಾಕು. ಕಚೇರಿಯ ಪ್ರತಿ ಕಂಪ್ಯೂಟರಿನಲ್ಲೂ ಇದನ್ನು ಇವತ್ತೇ ಮಾಡಿ ಎಂದು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಏಕೆಂದರೆ ಇಷ್ಟು ಸಣ್ಣ ಕೆಲಸದಿಂದ ಇಷ್ಟು ದೊಡ್ಡ ರಕ್ಷಣೆ ಕೊಡುವ ಬೇರೊಂದು ಸೆಟ್ಟಿಂಗ್ ನನಗೆ ಗೊತ್ತಿಲ್ಲ.

ಈ ತಂತ್ರ ಹೊಸದೇನಲ್ಲ. 2000ನೇ ಇಸವಿಯ ಮೇ ತಿಂಗಳ ಮೊದಲ ವಾರ ಫಿಲಿಪೈನ್ಸ್‌ನಿಂದ ಹೊರಟು ಜಗತ್ತನ್ನೆಲ್ಲ ಸುತ್ತಿದ ‘ಐ ಲವ್ ಯೂ’ ಎಂಬ ವೈರಸ್ಸಿನ ಲಗತ್ತಿಗೆ ‘ಲವ್ ಲೆಟರ್ ಫಾರ್ ಯೂ ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್’ ಎಂಬ ಹೆಸರಿತ್ತು. ನೋಡಿದವರಿಗೆ ಅದು ಟಿಎಕ್ಸ್‌ಟಿ, ಅಂದರೆ ಬರೀ ಬರಹದ ಫೈಲ್. ನಿಜದಲ್ಲಿ ವಿಬಿಎಸ್, ಅಂದರೆ ಆಜ್ಞೆಗಳ ಪಟ್ಟಿ. ತೆರೆದವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದು ಅವರ ಹೆಸರಿನಲ್ಲೇ ಮತ್ತೆ ಹೋಗುತ್ತಿದ್ದುದರಿಂದ, ಪಡೆದವರು ಪರಿಚಿತರ ಪತ್ರವೆಂದು ನಂಬಿ ತೆರೆದರು. ಪರಿಚಿತರ ಮೂಲಕವೇ ಹರಡುವ ಈ ಗುಣ ಇಪ್ಪತ್ತೈದು ವರ್ಷಗಳ ನಂತರ ನಮ್ಮ ಹಳ್ಳಿಗಳ ಮೊಬೈಲುಗಳಲ್ಲೂ ಹಾಗೆಯೇ ಕಾಣಿಸುತ್ತಿದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇಎಕ್ಸ್ಇ ಒಂದನ್ನೇ ತಿಳಿದುಕೊಂಡರೆ ಸಾಲದು. ವಿಬಿಎಸ್, ಜೆಎಸ್, ಎಸ್‌ಸಿಆರ್, ಎಲ್‌ಎನ್‌ಕೆ ಎಂದು ಕೊನೆಗೊಳ್ಳುವ ಫೈಲುಗಳೂ ತೆರೆದ ಕೂಡಲೇ ಕೆಲಸ ಆರಂಭಿಸುವಂಥವು. ಬಿಲ್ಲಾಗಲಿ, ರಸೀದಿಯಾಗಲಿ, ಕೊಟೇಶನ್ನಾಗಲಿ ಈ ರೂಪದಲ್ಲಿ ಬರಲು ಯಾವ ಕಾರಣವೂ ಇಲ್ಲ. ಎಚ್‌ಟಿಎಂಎಲ್ ಎಂದು ಕೊನೆಯಾಗುವ ಲಗತ್ತು ಇನ್ನೊಂದು ಬಗೆಯದು: ಅದನ್ನು ತೆರೆದರೆ ನಿಮ್ಮದೇ ಬ್ರೌಸರಿನಲ್ಲಿ ಇಮೇಲಿನ ಲಾಗಿನ್ ಪುಟವನ್ನೇ ಹೋಲುವ ಪುಟವೊಂದು ಬಂದು, “ಕಾಗದ ನೋಡಲು ಮತ್ತೊಮ್ಮೆ ಪಾಸ್‌ವರ್ಡ್ ಹಾಕಿ” ಎನ್ನುತ್ತದೆ, ಹಾಕಿದ ಪಾಸ್‌ವರ್ಡ್ ವಂಚಕನಿಗೆ ಹೋಗುತ್ತದೆ. ವರ್ಡ್ ಮತ್ತು ಎಕ್ಸೆಲ್ ಫೈಲುಗಳೊಳಗೆ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಂ ಅಡಗಿರಬಹುದು. ಇಂಟರ್ನೆಟ್ಟಿನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯತೊಡಗಿದೆ. ಆದರೂ ಇಂಥ ಪತ್ರಗಳಲ್ಲಿ “ಸರಿಯಾಗಿ ಕಾಣಲು ‘ಎನೇಬಲ್’ ಒತ್ತಿ” ಎಂಬ ಸೂಚನೆ ಇರುತ್ತದೆ. ಯಂತ್ರ ಹಾಕಿದ ಚಿಲಕವನ್ನು ನಮ್ಮ ಕೈಯಿಂದಲೇ ತೆಗೆಸುವ ಉಪಾಯವಿದು. ಜಿಪ್ಪಿಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆದು ಕಳಿಸುವುದರ ಗುಟ್ಟೂ ಇದೇ. ಇಮೇಲ್ ಸೇವೆಗಳು ಲಗತ್ತುಗಳನ್ನು ದಾರಿಯಲ್ಲೇ ತಪಾಸಣೆ ಮಾಡುತ್ತವೆ. ಜಿಮೇಲ್ ಅಂತೂ ಇಎಕ್ಸ್ಇ ಫೈಲನ್ನು ಒಳಗೇ ಬಿಡುವುದಿಲ್ಲ. ಆದರೆ ಬೀಗ ಹಾಕಿದ ಪೆಟ್ಟಿಗೆಯ ಒಳಗೇನಿದೆ ಎಂಬುದು ತಪಾಸಣೆಗೆ ತಿಳಿಯುವುದಿಲ್ಲ. ಗುಟ್ಟು ಕಾಯುವ ಉದ್ದೇಶದಿಂದ ಬೀಗ ಹಾಕಿದವರು ಬೀಗದ ಕೈಯನ್ನು ಅದೇ ಪೆಟ್ಟಿಗೆಗೆ ಕಟ್ಟಿ ಕಳಿಸುವುದಿಲ್ಲ ಎಂಬಷ್ಟು ಯೋಚಿಸಿದ್ದರೆ ಆ ಹುಡುಗನ ಕೈ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಹೊರಗೆ ತೂಕ ನಡೆಯುತ್ತಿರುವಾಗ, ರೈತರು ಲೆಕ್ಕದ ಪಟ್ಟಿಗಾಗಿ ಕಾಯುತ್ತಿರುವಾಗ ಯೋಚಿಸಲು ಯಾರಿಗೆ ಪುರುಸೊತ್ತು? ನಾನು ಅವನನ್ನು ಬೈಯಲಿಲ್ಲ. ಕೆಲಸದ ಒತ್ತಡದ ಹೊತ್ತನ್ನೇ ನೋಡಿ ಇಂಥ ಪತ್ರಗಳು ಬರುತ್ತವೆ.

ಮೊಬೈಲಿನಲ್ಲಿ ಇದೇ ಕಥೆ ಎಪಿಕೆ ಎಂಬ ಮೂರು ಅಕ್ಷರಗಳಲ್ಲಿ ನಡೆಯುತ್ತದೆ. ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪಿನ ಕಟ್ಟು. ಪ್ಲೇ ಸ್ಟೋರಿನಿಂದ ಆ್ಯಪ್ ಹಾಕಿಕೊಂಡಾಗ ಈ ಕಟ್ಟು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ವಾಟ್ಸ್ಆ್ಯಪಿನಲ್ಲಿ ಯಾರಾದರೂ ಕಳಿಸಿದಾಗ ಮಾತ್ರ ಅದು ಒಂದು ಫೈಲಿನಂತೆ ಕಾಣಿಸುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಪಿಎಂ ಕಿಸಾನ್, ಆರ್‌ಟಿಒ ಚಲನ್, ಬ್ಯಾಂಕ್ ಕೆವೈಸಿ, ಮದುವೆಯ ಕರೆಯೋಲೆ ಎಂಬೆಲ್ಲ ಹೆಸರುಗಳಲ್ಲಿ ಇಂಥ ಕಟ್ಟುಗಳು ದೇಶದ ತುಂಬ ಓಡಾಡಿವೆ.

ಸಿಂಧನೂರು ಕಡೆಯ ನನ್ನ ದೊಡ್ಡಪ್ಪನಿಗೆ ಬಂದದ್ದು ಕರೆಯೋಲೆ. ಕಳಿಸಿದ್ದು ಅಪರಿಚಿತ ನಂಬರ್ ಆಗಿರಲಿಲ್ಲ, ಸ್ವಂತ ಬೀಗರ ನಂಬರ್. ಒತ್ತಿದಾಗ ಫೋನು ಒಂದಲ್ಲ, ಮೂರು ಸಲ ತಡೆಯಿತು. ಅಪರಿಚಿತ ಮೂಲದ ಆ್ಯಪುಗಳಿಗೆ ಅನುಮತಿ ಕೊಡಬೇಕೇ ಎಂದು ಮೊದಲು ಕೇಳಿತು. ಆ್ಯಪ್ ಒಳಬಂದ ಮೇಲೆ ಎಸ್‌ಎಂಎಸ್ ಓದಲು ಬಿಡಬೇಕೇ ಎಂದು ಕೇಳಿತು. ಕೊನೆಗೆ ಕಾಂಟ್ಯಾಕ್ಟುಗಳನ್ನು ನೋಡಲು ಬಿಡಬೇಕೇ ಎಂದೂ ಕೇಳಿತು. ಮೂರಕ್ಕೂ ಅವರು ‘ಅಲೋ’ ಒತ್ತಿದರು. ಆಮೇಲೆ ನಾನು ಕೇಳಿದಾಗ, “ಬೀಗರ ಮನ್ಯಾಗಿನ ಲಗ್ನಪತ್ರಿಕಿ ತಗದು ನೋಡಲಿಲ್ಲಂದ್ರ ಏನ್ ತಿಳ್ಕೊಂತಾರಪಾ ತಮ್ಮಾ?” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ವಂಚಕರು ಬಳಸಿಕೊಂಡದ್ದು ಅವರ ಅಜ್ಞಾನವನ್ನಲ್ಲ, ಅವರ ಮರ್ಯಾದೆಯ ಪ್ರಜ್ಞೆಯನ್ನು. ಬೀಗರ ತಪ್ಪೂ ಅದರಲ್ಲಿರಲಿಲ್ಲ. ಅವರ ಫೋನಿಗೆ ಮೊದಲೇ ಹೊಕ್ಕಿದ್ದ ಅದೇ ಕಟ್ಟು ಅವರ ಹೆಸರಿನಲ್ಲಿ ಎಲ್ಲರಿಗೂ ಹೋಗುತ್ತಿತ್ತು.

ಎಸ್‌ಎಂಎಸ್ ಓದುವ ಅನುಮತಿಯನ್ನೇ ಇವು ಏಕೆ ಕೇಳುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕು. ಬ್ಯಾಂಕಿನ ಹಣ ಕದಲಬೇಕಾದರೆ ಅನೇಕ ಸಂದರ್ಭಗಳಲ್ಲಿ ಓಟಿಪಿ ಬೇಕು. ಓಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ. ಅದನ್ನು ಓದಬಲ್ಲ ಆ್ಯಪ್ ಒಳಗೆ ಕೂತರೆ “ಓಟಿಪಿ ಯಾರಿಗೂ ಹೇಳಬೇಡಿ” ಎಂಬ ಎಚ್ಚರಿಕೆಯನ್ನು ಅಕ್ಷರಶಃ ಪಾಲಿಸಿದವರ ಹಣವೂ ಹೋಗಬಹುದು, ಏಕೆಂದರೆ ಅವರು ಹೇಳುವ ಅಗತ್ಯವೇ ಇರುವುದಿಲ್ಲ. ಇನ್ನೂ ಅಪಾಯಕಾರಿಯಾದದ್ದು ‘ಆ್ಯಕ್ಸೆಸಿಬಿಲಿಟಿ’ ಎಂಬ ಅನುಮತಿ. ಕಣ್ಣು ಕಾಣದವರಿಗೆ, ಕೈ ಬಳಸಲಾಗದವರಿಗೆ ನೆರವಾಗಲೆಂದು ರೂಪಿಸಿದ ಈ ಸೌಲಭ್ಯವನ್ನು ಪಡೆದ ಆ್ಯಪ್ ಪರದೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಬದಲಿಗೆ ಗುಂಡಿಗಳನ್ನೂ ಒತ್ತಬಲ್ಲದು. ಯಾವ ಸರ್ಕಾರಿ ಯೋಜನೆಗೂ, ಯಾವ ಕರೆಯೋಲೆಗೂ ಇದರ ಅಗತ್ಯವಿಲ್ಲ. ಲಗ್ನಪತ್ರಿಕೆ ಚಿತ್ರವಾಗಿ ಬರಲಿ, ಪಿಡಿಎಫ್ ಆಗಿ ಬರಲಿ, ವಿಡಿಯೋ ಆಗಿ ಬರಲಿ. ಅದು ಆ್ಯಪ್ ಆಗಿ ಬಂದರೆ ಲಗ್ನಪತ್ರಿಕೆಯೇ ಅಲ್ಲ.

ಇನ್ನು ಲಿಂಕಿನ ವಿಷಯ. ಲಗತ್ತು ಅಪರಿಚಿತನನ್ನು ನಮ್ಮ ಮನೆಯೊಳಗೆ ಕರೆತಂದರೆ, ಲಿಂಕು ನಮ್ಮನ್ನೇ ಅಪರಿಚಿತರ ಮನೆಗೆ ಕರೆದೊಯ್ಯುತ್ತದೆ. ಅಲ್ಲಿಯೂ ಮೋಸ ಬಯಲಾಗುವುದು ಹೆಸರಿನ ಕೊನೆಯಲ್ಲಿಯೇ. ನಾವು ಅಂಚೆ ವಿಳಾಸ ಬರೆಯುವಾಗ ಮನೆಯಿಂದ ಆರಂಭಿಸಿ ಓಣಿ, ಊರು, ತಾಲ್ಲೂಕು, ಜಿಲ್ಲೆ ಎಂದು ಮುಗಿಸುತ್ತೇವೆ. ಕಾಗದ ಯಾವ ದಿಕ್ಕಿಗೆ ಹೋಗಬೇಕೆಂದು ಅಂಚೆಯವರು ನೋಡುವುದು ಕೊನೆಯ ಸಾಲನ್ನು. ಪುಣೆಯಲ್ಲಿ ಮನೆ ಕಟ್ಟಿಸಿದವರು ಅದಕ್ಕೆ ‘ಕೊಪ್ಪಳ ನಿಲಯ’ ಎಂದು ಹೆಸರಿಡಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ, ಆದರೆ ಆ ಮನೆ ಕೊಪ್ಪಳದ್ದಾಗುವುದಿಲ್ಲ. ವೆಬ್ ವಿಳಾಸದ ರಚನೆಯೂ ಹೀಗೆಯೇ. ‘ಇಚಲನ್ ಡಾಟ್ ಪರಿವಹನ್ ಡಾಟ್ ಗವ್ ಡಾಟ್ ಇನ್’ ಎಂಬುದು ವಾಹನದ ದಂಡ ಕಟ್ಟುವ ಸರ್ಕಾರಿ ತಾಣದ ವಿಳಾಸ. ಬಲದಿಂದ ಓದಿದರೆ ‘ಇನ್’ ಎಂಬುದು ಭಾರತ, ‘ಗವ್’ ಎಂಬುದು ಸರ್ಕಾರ, ‘ಪರಿವಹನ್’ ಎಂಬುದು ಸಾರಿಗೆಯ ವ್ಯವಸ್ಥೆ, ‘ಇಚಲನ್’ ಅದರೊಳಗಿನ ಒಂದು ವಿಭಾಗ. ಈಗ ಉದಾಹರಣೆಗೆಂದು ನಾನೇ ಕಟ್ಟಿದ ಇನ್ನೊಂದು ವಿಳಾಸ ನೋಡಿ: ‘ಪರಿವಹನ್ ಡಾಟ್ ಗವ್ ಡಾಟ್ ಇನ್ ಡಾಟ್ ದಂಡಪಾವತಿ ಡಾಟ್ ಟಾಪ್’. ಎಡದಿಂದ ಓದಿದವರಿಗೆ ಅದು ಸರ್ಕಾರದ್ದೆನಿಸುತ್ತದೆ. ಬಲದಿಂದ ಓದಿದರೆ ‘ಟಾಪ್’ ಎಂಬ ಕೊನೆಯಡಿ ‘ದಂಡಪಾವತಿ’ ಎಂಬ ಹೆಸರನ್ನು ಕೊಂಡವನು ಯಾರೋ ಇದ್ದಾನೆ, ಉಳಿದದ್ದೆಲ್ಲ ಅವನು ತನ್ನ ಮನೆಗೆ ಇಟ್ಟುಕೊಂಡ ಹೆಸರು.

ಎಲ್ಲಿಂದ ಬಲ, ಎಲ್ಲಿಂದ ಎಡ ಎಂಬುದಕ್ಕೂ ಒಂದು ಗಡಿಯಿದೆ. ಲಿಂಕಿನ ಆರಂಭದಲ್ಲಿ ಎರಡು ಸ್ಲ್ಯಾಶ್ ಜೊತೆಯಾಗಿ ಬರುತ್ತವೆ. ಅವುಗಳನ್ನು ಬಿಟ್ಟು, ಆಮೇಲೆ ಬರುವ ಮೊದಲ ಒಂಟಿ ಸ್ಲ್ಯಾಶ್ ಎಲ್ಲಿದೆಯೋ ಅಲ್ಲಿಗೆ ವಿಳಾಸ ಮುಗಿಯಿತು. ಅಲ್ಲಿಂದ ಎಡಕ್ಕೆ ಓದಬೇಕು. ಆ ಸ್ಲ್ಯಾಶಿನ ನಂತರ ‘ಗವ್’ ಎಂದಿರಲಿ, ‘ಬ್ಯಾಂಕ್’ ಎಂದಿರಲಿ, ಅದಕ್ಕೆ ಬೆಲೆಯಿಲ್ಲ. ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಹಾಕಿ ‘ಪಿಎಂಕಿಸಾನ್-ಗವ್-ಇನ್’ ಎಂದು ಬರೆಯುವುದೂ ರೂಢಿಯಲ್ಲಿದೆ. ಅಡ್ಡಗೆರೆ ಏನನ್ನೂ ಬೇರ್ಪಡಿಸುವುದಿಲ್ಲವಾದ್ದರಿಂದ ಅದೆಲ್ಲ ಒಂದೇ ಪದ. ನಿಜವಾದದ್ದು ‘ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್’. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಆರ್ ಮತ್ತು ಎನ್ ಒತ್ತೊತ್ತಾಗಿ ನಿಂತರೆ ಎಮ್‌ನಂತೆ ಕಾಣುತ್ತವೆ, ಎಲ್ ಅಕ್ಷರ ಒಂದರ ಅಂಕಿಯಂತೆ ಕಾಣುತ್ತದೆ; ಮೊಬೈಲಿನ ಪುಟ್ಟ ಪರದೆಯಲ್ಲಿ ಚಾಳೀಸು ದಾಟಿದ ಕಣ್ಣಿಗೆ ಇದು ತಿಳಿಯುವುದೇ ಕಷ್ಟ.

ಇಲ್ಲಿ ಸರ್ಕಾರ ಮತ್ತು ರಿಸರ್ವ್ ಬ್ಯಾಂಕ್ ನಮ್ಮ ಕೆಲಸವನ್ನು ಸ್ವಲ್ಪ ಹಗುರ ಮಾಡಿವೆ. ‘ಗವ್ ಡಾಟ್ ಇನ್’ ಎಂಬ ಕೊನೆಯನ್ನು ಸರ್ಕಾರಿ ಸಂಸ್ಥೆಗಳಲ್ಲದವರು ಪಡೆಯಲಾಗದು. ಬ್ಯಾಂಕುಗಳಿಗೆ ಮಾತ್ರ ಮೀಸಲಾದ ‘ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯನ್ನು ರಿಸರ್ವ್ ಬ್ಯಾಂಕ್ 2025ರಲ್ಲಿ ಪ್ರಕಟಿಸಿ, ಎಲ್ಲ ಬ್ಯಾಂಕುಗಳೂ ಅದೇ ವರ್ಷದ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಬೇಕೆಂದು ಸೂಚಿಸಿತು. ಎಸ್‌ಎಂಎಸ್‌ಗಳಲ್ಲೂ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸುವ ನಿಯಮವನ್ನು ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ ತಂದಿದೆ: ಜಿ ಎಂದರೆ ಸರ್ಕಾರದ್ದು, ಟಿ ಎಂದರೆ ವ್ಯವಹಾರದ್ದು, ಎಸ್ ಎಂದರೆ ಸೇವೆಯದ್ದು, ಪಿ ಎಂದರೆ ಪ್ರಚಾರದ್ದು. ಹತ್ತಂಕಿಯ ಸಾಮಾನ್ಯ ಮೊಬೈಲ್ ನಂಬರಿನಿಂದ “ನಿಮ್ಮ ಖಾತೆ ಇವತ್ತೇ ಬಂದ್ ಆಗುತ್ತದೆ” ಎಂಬ ಸಂದೇಶ ಬಂದರೆ ಅದು ಬ್ಯಾಂಕಿನದಲ್ಲ ಎಂದು ಅಷ್ಟರಿಂದಲೇ ತಿಳಿಯಬಹುದು.

ವೆಬ್ ವಿಳಾಸದ ಪಕ್ಕ ಬೀಗದ ಚಿಹ್ನೆಯಿದ್ದರೆ ತಾಣ ನಂಬಿಕಸ್ಥ ಎಂಬ ಮಾತು ನಮ್ಮಲ್ಲಿ ಇನ್ನೂ ಉಳಿದಿದೆ. ಅದನ್ನು ಕೈಬಿಡಬೇಕು. ನಿಮ್ಮ ಫೋನಿನಿಂದ ಆ ತಾಣದವರೆಗಿನ ದಾರಿಯಲ್ಲಿ ಮೂರನೆಯವರು ಇಣುಕಲಾರರು ಎಂದಷ್ಟೇ ಬೀಗ ಹೇಳುತ್ತದೆ. ಆ ತುದಿಯಲ್ಲಿ ಕುಳಿತವನು ಸಾಚಾ ಎಂದು ಹೇಳುವುದಿಲ್ಲ. ವಂಚಕರ ತಾಣಗಳಿಗೂ ಆ ಬೀಗ ಪುಕ್ಕಟೆ ಸಿಗುತ್ತದೆ. ಈ ತಪ್ಪು ತಿಳಿವಳಿಕೆಯ ಕಾರಣಕ್ಕೇ ಕ್ರೋಮ್ ಬ್ರೌಸರ್ 2023ರಲ್ಲಿ ಬೀಗದ ಚಿಹ್ನೆಯನ್ನು ತೆಗೆದುಹಾಕಿತು. ಚುಟುಕು ಲಿಂಕುಗಳಿಗೂ ಕ್ಯೂಆರ್ ಕೋಡುಗಳಿಗೂ ಕೊನೆಯನ್ನು ಓದುವ ವಿಧಾನ ನೇರವಾಗಿ ಒದಗುವುದಿಲ್ಲ, ಏಕೆಂದರೆ ಅಲ್ಲಿ ಹೆಸರೇ ಮರೆಯಾಗಿರುತ್ತದೆ; ಸ್ಕ್ಯಾನ್ ಮಾಡಿದಾಗ ಫೋನು ತೋರಿಸುವ ವಿಳಾಸವನ್ನು ತೆರೆಯುವ ಮೊದಲು ಓದುವುದೊಂದೇ ದಾರಿ.

ಲಿಂಕನ್ನು ಒತ್ತಿದ ಮಾತ್ರಕ್ಕೇ ಹಣ ಹೋಗುತ್ತದೆಯೇ ಎಂದು ಹಲವರು ಗಾಬರಿಯಿಂದ ಕೇಳುತ್ತಾರೆ. ಫೋನು ಮತ್ತು ಬ್ರೌಸರ್ ಅಪ್‌ಡೇಟ್ ಆಗಿದ್ದರೆ ಬರೀ ಪುಟ ತೆರೆದುದರಿಂದ ಸಾಮಾನ್ಯವಾಗಿ ಹಣ ಹೋಗುವುದಿಲ್ಲ. ಹೋಗುವುದು ಅದರ ಮುಂದಿನ ಹೆಜ್ಜೆಯಲ್ಲಿ: ಪಾಸ್‌ವರ್ಡ್, ಕಾರ್ಡಿನ ಸಂಖ್ಯೆ, ಪಿನ್ ತುಂಬಿದಾಗ ಅಥವಾ ಅಲ್ಲಿಂದ ಆ್ಯಪ್ ಇಳಿಸಿಕೊಂಡಾಗ. ಆದ್ದರಿಂದ ತಪ್ಪಿ ಒತ್ತಿದವರು ಪುಟವನ್ನು ಮುಚ್ಚಿ, ಏನನ್ನೂ ತುಂಬದೆ, ಏನಾದರೂ ಇಳಿದಿದ್ದರೆ ಅದನ್ನು ತೆರೆಯದೆ ಅಳಿಸಿದರೆ ಬಹುಮಟ್ಟಿಗೆ ಪಾರಾಗುತ್ತಾರೆ. ಹಳೆಯ, ವರ್ಷಗಟ್ಟಲೆ ಅಪ್‌ಡೇಟ್ ಆಗದ ಫೋನಿಗೆ ಈ ಭರವಸೆ ಕೊಡಲಾಗದು. ಅದರ ಲೋಪಗಳು ವಂಚಕರಿಗೆ ಗೊತ್ತಾಗಿರುತ್ತವೆ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು, ಪಡೆಯಲು ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಹೊಲಿಯುವವರಿಗೂ, ಗಂಗಾವತಿಯ ಅಕ್ಕಿ ಗಿರಣಿಯವರಿಗೂ, ನಮ್ಮ ಜಿನ್ನಿಂಗ್ ಫ್ಯಾಕ್ಟರಿಗಳವರಿಗೂ ಮತ್ತೊಂದು ಬಗೆಯ ಪತ್ರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಅದರಲ್ಲಿ ಲಿಂಕೂ ಇರುವುದಿಲ್ಲ, ವೈರಸ್ಸೂ ಇರುವುದಿಲ್ಲ. ಯಾವಾಗಲೂ ಮಾಲು ಕೊಡುವವರ ಹೆಸರಿನಲ್ಲಿ, ಅವರ ಲೆಟರ್‌ಹೆಡ್ಡಿನಲ್ಲಿ, “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ” ಎಂದಿರುತ್ತದೆ. ಕೆಲವೊಮ್ಮೆ ವಿಳಾಸದಲ್ಲಿ ಒಂದು ಅಕ್ಷರ ಬೇರೆಯಾಗಿರುತ್ತದೆ, ಅದನ್ನು ‘ಅಟ್’ ಚಿಹ್ನೆಯ ನಂತರದ ಭಾಗ ಓದಿ ಕಂಡುಹಿಡಿಯಬಹುದು. ಆದರೆ ಅವರ ಇಮೇಲ್ ಪೆಟ್ಟಿಗೆಯೇ ವಂಚಕರ ಕೈಸೇರಿದ್ದರೆ ಪತ್ರ ಬರುವುದು ನಿಜವಾದ ವಿಳಾಸದಿಂದಲೇ. ಆಗ ಯಾವ ಅಕ್ಷರವನ್ನು ಎಷ್ಟು ಓದಿದರೂ ಪ್ರಯೋಜನವಿಲ್ಲ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಖಾತೆ ಬದಲಾಗಿದೆ ಎಂದು ಬರೆದವರಿಗೆ, ಆ ಪತ್ರದಲ್ಲಿರುವ ನಂಬರಿಗಲ್ಲ, ನಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ಫೋನ್ ಮಾಡಿ, ಪರಿಚಿತ ಧ್ವನಿಯಲ್ಲಿ ಹೌದೆನಿಸಿಕೊಳ್ಳುವುದು. ದೊಡ್ಡಪ್ಪನಿಗೂ ನಾನು ಹೇಳಿಕೊಟ್ಟದ್ದು ಇದನ್ನೇ. ಬೀಗರಿಗೆ ಒಂದು ಫೋನ್ ಮಾಡಿ “ಪತ್ರಿಕಿ ಕಳಿಸೀರೇನ್ರಿ?” ಎಂದು ಕೇಳುವುದರಿಂದ ಯಾರ ಮರ್ಯಾದೆಗೂ ಕುಂದಿಲ್ಲ. ಬ್ಯಾಂಕು, ಚಲನ್, ಸರ್ಕಾರದ ಯೋಜನೆ ಯಾವುದೇ ಇರಲಿ, ಸಂದೇಶ ತೋರಿಸಿದ ದಾರಿಯನ್ನು ಬಿಟ್ಟು, ನಾವೇ ವಿಳಾಸ ಟೈಪು ಮಾಡಿ ಅಥವಾ ಮೊದಲೇ ಇರುವ ಆ್ಯಪ್ ತೆರೆದು ನೋಡಿದರೆ ನಿಜವಾದ ಸುದ್ದಿ ಅಲ್ಲಿಯೂ ಸಿಗುತ್ತದೆ.

ಕಣ್ಣಿಗೆ ಸುಸ್ತಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಆದ್ದರಿಂದ ಹೆಸರು ಓದುವ ಕೆಲಸದ ಒಂದು ಪಾಲನ್ನು ಯಂತ್ರಕ್ಕೇ ವಹಿಸುವುದು ಒಳ್ಳೆಯದು. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿಟ್ಟಿದ್ದರೆ ಅದು ಪುಟದ ಅಂದ ನೋಡದೆ ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೋಲಿಸುತ್ತದೆ. ಯಾವಾಗಲೂ ತಾನೇ ತುಂಬುತ್ತಿದ್ದ ಪಾಸ್‌ವರ್ಡ್ ಇವತ್ತು ತುಂಬದೆ ನಿಂತರೆ, ನೀವು ಬೇರೆ ಜಾಗಕ್ಕೆ ಬಂದಿರಬಹುದು. ಇಮೇಲಿಗೆ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡಿನ ಮೇಲೆ ಇನ್ನೊಂದು ಗುರುತು ಕೇಳುವ ವ್ಯವಸ್ಥೆ, ಇರಲೇಬೇಕು, ಏಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡುಗಳನ್ನು ಹೊಸದಾಗಿ ಪಡೆಯುವ ದಾರಿ ಇಮೇಲಿನ ಮೂಲಕವೇ ಹೋಗುತ್ತದೆ. ಬ್ಯಾಕಪ್ ಬಗ್ಗೆ ನಾನು ಕಲಿತದ್ದು ಕಷ್ಟಪಟ್ಟು. ಗಂಜಿನ ಆ ಕಂಪ್ಯೂಟರನ್ನು ಅಳಿಸಿ ಮತ್ತೆ ವಿಂಡೋಸ್ ಹಾಕಬೇಕಾಯಿತು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಇತ್ತು, ಆದರೆ ಹದಿನಾರು ದಿನಗಳ ಹಿಂದಿನದು. ಸುಗ್ಗಿಯ ಹದಿನಾರು ದಿನಗಳ ಪಟ್ಟಿಗಳನ್ನು ಮತ್ತೆ ಏರಿಸಲು ಮೂವರು ಮೂರು ರಾತ್ರಿ ಕೂತೆವು. ಈಗ ಅಲ್ಲಿ ಪ್ರತಿ ಸಂಜೆ ಬ್ಯಾಕಪ್ ಆಗುತ್ತದೆ, ಆದೊಡನೆ ಪೆನ್‌ಡ್ರೈವ್ ಕಿತ್ತು ಗಲ್ಲೆಯೊಳಗೆ ಇಡುತ್ತಾರೆ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ಸು ಕಂಪ್ಯೂಟರಿಗೆ ಸಿಕ್ಕಿಸಿದ ಪೆನ್‌ಡ್ರೈವನ್ನೂ ಬಿಡುವುದಿಲ್ಲ.

ಎಲ್ಲ ಎಚ್ಚರಿಕೆಯ ನಂತರವೂ ತಪ್ಪು ಆಗಿಹೋದರೆ ಮೊದಲ ಕೆಲಸ ಆ ಯಂತ್ರವನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸುವುದು: ಫೋನಾದರೆ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಸಹ ಆಫ್ ಆಗಿದೆಯೇ ನೋಡಬೇಕು. ಹಣ ಹೋಗಿದ್ದರೆ ಮತ್ತೊಬ್ಬರ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕದ್ದ ಹಣ ಒಂದೇ ಖಾತೆಯಲ್ಲಿ ನಿಲ್ಲುವುದಿಲ್ಲ, ಬಾಡಿಗೆ ಖಾತೆಗಳ ಮೂಲಕ ಹಂಚಿಹೋಗಿ ಕೊನೆಗೆ ನಗದಾಗುತ್ತದೆ. 1930ರ ವ್ಯವಸ್ಥೆ ಬ್ಯಾಂಕಿನಿಂದ ಬ್ಯಾಂಕಿಗೆ ಸುದ್ದಿ ಮುಟ್ಟಿಸಿ, ಆ ಸರಪಳಿಯಲ್ಲಿ ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಸುತ್ತದೆ. ತಡವಾದಷ್ಟೂ ತಡೆಯಲು ಉಳಿಯುವುದು ಕಡಿಮೆ. ಕರೆ ಮಾಡುವಾಗ ಖಾತೆಯ ವಿವರ, ಹೋದ ಮೊತ್ತ, ಹೊತ್ತು, ಮತ್ತು ಯುಪಿಐ ಆಗಿದ್ದರೆ 12 ಅಂಕಿಯ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ಆಮೇಲೆ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿ ದೂರು ದಾಖಲಿಸಬಹುದು. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗೂ ಹೋಗಬಹುದು. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಿ, ದೂರಿಗೆ ಬೇಕಾದ ಸಂದೇಶಗಳ ಫೋಟೋ ತೆಗೆದುಕೊಂಡು, ಎಪಿಕೆ ಹೊಕ್ಕ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸುವುದು, ಅಂದರೆ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿಸುವುದು, ಕ್ಷೇಮ. ನಮ್ಮ ಹೆಸರಿನಲ್ಲಿ ಯಾರಿಗೆಲ್ಲ ಅದು ಹೋಗಿರಬಹುದೋ ಅವರಿಗೆಲ್ಲ ತಿಳಿಸಬೇಕು.

ಬ್ಯಾಂಕಿಗೆ ತಿಳಿಸುವುದನ್ನು ಅಂದೇ ಮಾಡಬೇಕೆನ್ನಲು ಇನ್ನೊಂದು ಕಾರಣವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಬರುವುದಿಲ್ಲ. ಪಿನ್ ಅಥವಾ ಪಾಸ್‌ವರ್ಡನ್ನು ತಾವೇ ಕೊಟ್ಟಂಥ ನಿರ್ಲಕ್ಷ್ಯವಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ತಪ್ಪು ತಮ್ಮದೇ ಎಂದು ನಾಚಿಕೊಂಡು ಎರಡು ದಿನ ಸುಮ್ಮನಿರುವವರಿಗೆ ಆ ಎರಡು ದಿನಗಳ ನಷ್ಟವೂ ಸೇರುತ್ತದೆ. ದೊಡ್ಡಪ್ಪ ನಾಚಿಕೊಂಡು ರಾತ್ರಿಯೆಲ್ಲ ಯಾರಿಗೂ ಹೇಳದೆ ಕೂತಿದ್ದರು. ಬೆಳಿಗ್ಗೆ ನಾನು ಹೋದಾಗ ಬ್ಯಾಂಕಿಗೆ ಬರೆದುಕೊಟ್ಟ ದೂರಿನ ಎರಡನೇ ಪ್ರತಿಯ ಮೇಲೆ ತಾರೀಖು ಮತ್ತು ಹೊತ್ತು ಸಮೇತ ಸೀಲು ಹಾಕಿಸಿಕೊಂಡು ಬಂದೆವು. ಅದನ್ನು ಅವರು ಹೊಲದ ಪಹಣಿಯ ಜೊತೆಗೆ ಇಟ್ಟುಕೊಂಡಿದ್ದಾರೆ.